ಟಿಎನ್‌ಡಿ ಬಂದ ಮೇಲೂ ಕರುಳಿನ ಉರಿಯೂತ ಏಕೆ?

ಪ್ರಶ್ನೆ: ಡಾಕ್ಟರೇ, ನನಗೆ 46 ವರ್ಷ. 2012ರಲ್ಲಿ ನನ್ನ ಹೆಂಡತಿ ಬಸುರಿದ್ದಾಗ ಮಾಡಿದ ರಕ್ತಪರೀಕ್ಷೆಯಲ್ಲಿ ನಮ್ಮಿಬ್ಬರಿಗೂ ಎಚ್‌ಐವಿ ಇರುವುದು ಗೊತ್ತಾಯಿತು. ಆಗ ನನ್ನ ಸಿಡಿ4 (ರೋಗನಿರೋಧಕ ಕೋಶಗಳ ಎಣಿಕೆ) 180 ಇತ್ತು. ಅಂದಿನಿಂದ ಜಿಲ್ಲಾ ಆಸ್ಪತ್ರೆಯ ಎಆರ್‌ಟಿ ಕೇಂದ್ರದಲ್ಲಿ ಕೊಡುವ ಮಾತ್ರೆಯನ್ನು ತಪ್ಪಿಸಿಲ್ಲ. ಈಗ ಸಿಡಿ4 520, ವೈರಲ್ ಲೋಡ್ ಟಿಎನ್‌ಡಿ, ಅಂದರೆ ವೈರಾಣು ಪತ್ತೆಯಾಗಿಲ್ಲ, ಎಂದು ಬರುತ್ತದೆ. ಆದರೂ ಹೊಟ್ಟೆ ಉಬ್ಬರ, ಗುಡುಗುಡು ಹೋಗಿಲ್ಲ. ಪರಿಚಯದವರೊಬ್ಬರು, ಎಚ್‌ಐವಿ ಇರುವವರ ಕರುಳು ಸೋರುತ್ತದೆ, ಒಳ್ಳೆಯ ಬ್ಯಾಕ್ಟೀರಿಯಾ ಸತ್ತುಹೋಗಿರುತ್ತವೆ ಎಂದು ಹೇಳಿ ಒಂದು ಪ್ರೋಬಯಾಟಿಕ್ ಪುಡಿ ಕೊಳ್ಳಲು ಗಂಟುಬಿದ್ದಿದ್ದಾರೆ. ಮಲ ಕಳಿಸಿದರೆ ಯಾವ ಬ್ಯಾಕ್ಟೀರಿಯಾ ಎಷ್ಟಿದೆ ಎಂಬ ಪಟ್ಟಿಯೂ ಬರುತ್ತದಂತೆ. ಇದರಲ್ಲಿ ನಿಜ ಎಷ್ಟು? ರಕ್ತದಲ್ಲಿ ವೈರಾಣುವೇ ಕಾಣದ ಮೇಲೆ ಕರುಳಿಗೆ ಏನಾಗಿದೆ? ಮೊಸರು ತಿಂದರೆ ಸಾಲದೇ? ಇನ್ನೊಂದು ಮಾತು: ಮಗನಿಗೆ ಸೋಂಕಿಲ್ಲ. ನಮ್ಮ ಹೊಟ್ಟೆಯ ಕೆಟ್ಟ ಸೂಕ್ಷ್ಮಾಣುಗಳು ಅವನಿಗೆ ದಾಟುತ್ತವೆಯೇ?
(ಹೆಸರು, ಊರು ಪ್ರಕಟಿಸುವುದು ಬೇಡ)

ಉತ್ತರ: ನಿಮ್ಮ ಪರಿಚಯದವರು ಹೇಳಿದ್ದರಲ್ಲಿ ಮೊದಲರ್ಧ ಹೆಚ್ಚುಕಡಿಮೆ ನಿಜ. ತೊಂದರೆ ಇರುವುದು ಅಲ್ಲೇ. ಪೂರ್ತಿ ಸುಳ್ಳಾಗಿದ್ದರೆ ಪುಡಿ ಮಾರುವುದು ಅವರಿಗೆ ಇಷ್ಟು ಸಲೀಸಾಗುತ್ತಿರಲಿಲ್ಲ. ಎಚ್‌ಐವಿಯಿಂದ ಕರುಳಿಗೆ ಪೆಟ್ಟು ಬೀಳುತ್ತದೆ, ಅದು ಪೂರ್ತಿ ವಾಸಿಯಾಗುವುದಿಲ್ಲ, ಅಲ್ಲಿನ ಸೂಕ್ಷ್ಮಾಣುಗಳ ಲೆಕ್ಕವೂ ಏರುಪೇರಾಗುತ್ತದೆ. ಇವೆಲ್ಲ ಪ್ರಯೋಗಗಳಲ್ಲಿ ಕಂಡದ್ದೇ. ಆದರೆ ಡಬ್ಬಿಯೊಳಗಿನ ಪುಡಿ ಅದನ್ನು ಸರಿಮಾಡುತ್ತದೆ ಎಂಬುದು ಈವರೆಗೆ ಸಾಬೀತಾಗಿಲ್ಲ, ಸಾಬೀತುಪಡಿಸಲು ಹೊರಟ ಹಲವರು ಬರಿಗೈಯಲ್ಲಿ ಮರಳಿದ್ದಾರೆ.

ಎಚ್‌ಐವಿ ಎಂದರೆ ರಕ್ತದ ಕಾಯಿಲೆ ಎಂದೇ ನಮಗೆಲ್ಲ ರೂಢಿಯಾಗಿದೆ. ಪರೀಕ್ಷೆಗೆ ಕೊಡುವುದು ರಕ್ತ, ಸಿಡಿ4 ಎಣಿಸುವುದು ರಕ್ತದಲ್ಲಿ, ವೈರಲ್ ಲೋಡ್ ಅಳೆಯುವುದೂ ಅದರಲ್ಲೇ. ಆದರೆ ದೇಹದಲ್ಲಿರುವ ಒಟ್ಟು ಲಿಂಫೋಸೈಟ್‌ಗಳ (ಸಿಡಿ4 ಕೂಡ ಸೇರಿರುವ ಬಿಳಿಕಣಗಳ) ಪೈಕಿ ಒಂದು ಹೊತ್ತಿನಲ್ಲಿ ರಕ್ತದಲ್ಲಿ ಓಡಾಡುತ್ತಿರುವವು ನೂರಕ್ಕೆ ಎರಡರಷ್ಟು ಮಾತ್ರ. ಉಳಿದವು ದುಗ್ಧಗ್ರಂಥಿಗಳಲ್ಲಿ, ಗುಲ್ಮದಲ್ಲಿ ಇರುತ್ತವೆ, ಬಹುದೊಡ್ಡ ಪಾಲು ಕರುಳಿನ ಗೋಡೆಯಲ್ಲಿ ಬೀಡುಬಿಟ್ಟಿರುತ್ತದೆ. ಅದಕ್ಕೆ ಕಾರಣವೂ ಇದೆ. ಜೀರ್ಣಾಂಗದ ಒಳಮೈಯನ್ನು ಬಿಡಿಸಿ ಹರಡಿದರೆ ಸುಮಾರು 30 ಚದರ ಮೀಟರ್ ಆಗುತ್ತದೆ. ಆ ಒಳಪದರದ ದಪ್ಪ ಒಂದೇ ಒಂದು ಜೀವಕೋಶದಷ್ಟು, ಅದೂ ಮೂರರಿಂದ ಐದು ದಿನಕ್ಕೊಮ್ಮೆ ಕಳಚಿ ಹೊಸದಾಗುತ್ತಿರುತ್ತದೆ. ಅದರಾಚೆ ಇರುವ ಬ್ಯಾಕ್ಟೀರಿಯಾಗಳ ಸಂಖ್ಯೆ, ಇಸ್ರೇಲಿನ ವೈಜ್ಮನ್ ಸಂಸ್ಥೆಯವರು 2016ರಲ್ಲಿ ಹಾಕಿದ ಲೆಕ್ಕದಂತೆ, ಸುಮಾರು 38 ಲಕ್ಷ ಕೋಟಿ. ಎಲ್ಲವನ್ನೂ ಕೂಡಿಸಿದರೆ 200 ಗ್ರಾಂ ತೂಗಬಹುದು. ಇಷ್ಟು ತೆಳ್ಳನೆಯ ಪದರದ ಈಚೆ ನಮ್ಮ ರಕ್ತ, ಆಚೆ ಅವು. ಹೀಗಾಗಿಯೇ ರೋಗನಿರೋಧಕ ವ್ಯವಸ್ಥೆ ತನ್ನ ಸಿಬ್ಬಂದಿಯ ದೊಡ್ಡ ಪಾಲನ್ನು ಅಲ್ಲಿ ನಿಲ್ಲಿಸಿದೆ.

ಅಲ್ಲಿರುವ ಸಿಡಿ4 ಕೋಶಗಳು ಸದಾ ಎಚ್ಚರದ ಸ್ಥಿತಿಯಲ್ಲಿರುತ್ತವೆ. ಅವುಗಳ ಮೈಮೇಲೆ ಸಿಸಿಆರ್5 ಎಂಬ ಪ್ರೋಟೀನ್ ಧಾರಾಳವಾಗಿರುತ್ತದೆ. ಎಚ್‌ಐವಿ ಒಳನುಗ್ಗಲು ಬೇಕಾದುದು ಈ ಎರಡೇ: ಎಚ್ಚರವಾಗಿರುವ ಕೋಶ, ಅದರ ಮೇಲೆ ಸಿಸಿಆರ್5. ವೈರಾಣು ದೇಹಕ್ಕೆ ಯಾವ ದಾರಿಯಿಂದ ಬಂದಿರಲಿ, ಸೂಜಿಯಿಂದಾಗಲಿ, ಲೈಂಗಿಕ ಸಂಪರ್ಕದಿಂದಾಗಲಿ, ಕೆಲವೇ ದಿನಗಳಲ್ಲಿ ಕರುಳು ಸೇರುತ್ತದೆ, ಮೊದಲ ದೊಡ್ಡ ಹಾನಿ ಅಲ್ಲಿಯೇ ಆಗುತ್ತದೆ.

ಇದರ ಸುಳಿವು ವೈದ್ಯರಿಗೆ ಬಹಳ ಹಿಂದೆಯೇ ಸಿಕ್ಕಿತ್ತು. ಏಡ್ಸ್ ರೋಗಿಗಳ ಕರುಳಿನ ಒಳಪದರ ಹಾಳಾಗಿರುವುದನ್ನು ನ್ಯೂಯಾರ್ಕಿನ ಡೊನಾಲ್ಡ್ ಕೋಟ್ಲರ್ ಮತ್ತು ಸಂಗಡಿಗರು 1984ರಲ್ಲೇ ಬರೆದಿದ್ದರು. ಮರುವರ್ಷ ಉಗಾಂಡದ ರಕಾಯ್ ಪ್ರದೇಶದಿಂದ ‘ಸ್ಲಿಮ್’ ಎಂಬ ಕಾಯಿಲೆಯ ವರದಿ ಬಂತು: ನಿಲ್ಲದ ಭೇದಿ, ಮೈ ಕರಗಿ ಎಲುಬು ಹಂದರವಾಗುವುದು. ಅದೂ ಎಚ್‌ಐವಿಯೇ ಆಗಿತ್ತು. ಆದರೂ ಆಗ ಎಲ್ಲರೂ ಕರುಳಿನ ತೊಂದರೆಯನ್ನು ಕಾಯಿಲೆಯ ಕೊನೆಯ ಹಂತ ಎಂದು ತಿಳಿದಿದ್ದರು. ನಿರೋಧಕ ಶಕ್ತಿ ಕುಸಿದಿದೆ, ಕಂಡ ಕಂಡ ಪರೋಪಜೀವಿಗಳೆಲ್ಲ ಹೊಕ್ಕಿವೆ, ಭೇದಿಯಾಗುತ್ತಿದೆ ಎಂಬ ವಿವರಣೆ. ತಲೆಕೆಳಗಾಗಿ ನೋಡಬೇಕಿತ್ತು ಎಂದು ತೋರಿಸಿದ್ದು 1998ರಲ್ಲಿ ಅಮೆರಿಕದಲ್ಲಿ ನಡೆದ ಕೋತಿಗಳ ಅಧ್ಯಯನ. ಉತ್ತರ ಭಾರತದ ಕೆಂಪುಮೂತಿಯ ರೀಸಸ್ ಕೋತಿಗಳಿಗೆ ಎಚ್‌ಐವಿಯ ಸಂಬಂಧಿಯಾದ ಎಸ್‌ಐವಿ ತಗುಲಿಸಿ ನೋಡಿದಾಗ, ಮೂರು ವಾರದೊಳಗೆ ಕರುಳಿನ ಸಿಡಿ4 ಕೋಶಗಳು ಬಹುಪಾಲು ಖಾಲಿ. ಅದೇ ಹೊತ್ತಿಗೆ ರಕ್ತದಲ್ಲಿನ ಸಿಡಿ4 ಅಷ್ಟೇನೂ ಇಳಿದಿರಲಿಲ್ಲ. 2004ರಲ್ಲಿ ಎರಡು ತಂಡಗಳು ಮನುಷ್ಯರ ಕರುಳಿನ ತುಣುಕು ತೆಗೆದು ಪರೀಕ್ಷಿಸಿದಾಗಲೂ ಅದೇ ಕಂಡಿತು. ಅಂದರೆ 2012ರಲ್ಲಿ ನಿಮ್ಮ ರಕ್ತದಲ್ಲಿ 180 ಎಂಬ ಸಂಖ್ಯೆ ಕಂಡದ್ದಕ್ಕೆ ವರ್ಷಗಳ ಮೊದಲೇ, ನಿಮಗೆ ಬರೀ ಜ್ವರ ಬಂದು ಹೋದಂತೆ ಅನ್ನಿಸಿದ್ದ ಯಾವುದೋ ವಾರದಲ್ಲಿ, ಕರುಳಿನಲ್ಲಿ ದೊಡ್ಡ ನಷ್ಟ ಆಗಿಹೋಗಿತ್ತು.

ಸತ್ತ ಕೋಶಗಳಲ್ಲಿ ಟಿಎಚ್17 ಎಂಬ ಒಂದು ಬಗೆಯವಿವೆ. ಇವು ಸ್ರವಿಸುವ ರಾಸಾಯನಿಕಗಳಿಂದ ಒಳಪದರದ ಕೋಶಗಳು ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡಿರುತ್ತವೆ, ಬ್ಯಾಕ್ಟೀರಿಯಾ ಕೊಲ್ಲುವ ಸಣ್ಣ ಪ್ರೋಟೀನ್‌ಗಳು ಒಸರುತ್ತವೆ, ಗಾಯವಾದರೆ ಬೇಗ ಮಾಯುತ್ತದೆ. ಎಚ್‌ಐವಿ ಹುಡುಕಿ ಹುಡುಕಿ ಮುಗಿಸುವುದು ಇವನ್ನೇ. ಹೊಲಕ್ಕೆ ನುಗ್ಗಿದ ಕಾಡುಹಂದಿ ಬೆಳೆಗೆ ಬಾಯಿ ಹಾಕುವ ಮೊದಲು ಬೇಲಿ ಕಟ್ಟುವವನನ್ನೇ ತಿವಿದು ಮಲಗಿಸಿದ ಹಾಗೆ. ಆಮೇಲೆ ಬರುವುದು ಹಂದಿಯೊಂದೇ ಅಲ್ಲ.

ಬಂದದ್ದೇನು ಎಂಬುದು 2006ರಲ್ಲಿ ಸ್ಪಷ್ಟವಾಯಿತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಜೇಸನ್ ಬ್ರೆಂಚ್ಲಿ, ಡೇನಿಯಲ್ ಡೂಯೆಕ್ ಮತ್ತು ಜೊತೆಗಾರರು ದೀರ್ಘಕಾಲದ ಎಚ್‌ಐವಿ ಸೋಂಕಿರುವವರ ರಕ್ತದಲ್ಲಿ ಎಲ್‌ಪಿಎಸ್ ಎಂಬ ವಸ್ತುವನ್ನು ಅಳೆದರು. ಇದು ಇ. ಕೋಲಿಯಂಥ ಬ್ಯಾಕ್ಟೀರಿಯಾಗಳ ಹೊರಕವಚದ ಚೂರು. ಕರುಳಿನೊಳಗೆ ಇದ್ದರೆ ಚಿಂತೆಯಿಲ್ಲ, ರಕ್ತದಲ್ಲಿ ಇರಬಾರದು. ಸೋಂಕಿರುವವರಲ್ಲಿ ಅದು ಹೆಚ್ಚಿತ್ತು. ಈ ಚೂರು ಕಂಡಲ್ಲೆಲ್ಲ ನಿರೋಧಕ ಕೋಶಗಳು ಗಾಬರಿಗೊಂಡು ಉರಿಯೂತದ ರಾಸಾಯನಿಕ ಸುರಿಸುತ್ತವೆ. ಗಾಬರಿಗೊಂಡ ಸಿಡಿ4 ಕೋಶ ಎಂದರೆ ಎಚ್‌ಐವಿಗೆ ಮತ್ತೊಂದು ಮನೆ. ಹೀಗೆ ಒಂದನ್ನೊಂದು ಉದ್ದೀಪಿಸುತ್ತ ಚಕ್ರ ಸುತ್ತುತ್ತದೆ.

ಈ ವಾದಕ್ಕೆ ದೊಡ್ಡ ಬೆಂಬಲ ಸಿಕ್ಕಿದ್ದು ಪಶ್ಚಿಮ ಆಫ್ರಿಕದ ಸೂಟಿ ಮ್ಯಾಂಗಬೆ ಎಂಬ ಕೋತಿಯಿಂದ. ಎಚ್‌ಐವಿ-2 ಮನುಷ್ಯರಿಗೆ ಬಂದದ್ದು ಇದರಿಂದಲೇ. ಇದರ ರಕ್ತದಲ್ಲಿ ಎಸ್‌ಐವಿ ಕಿಕ್ಕಿರಿದಿರುತ್ತದೆ, ಸೋಂಕಿನ ಆರಂಭದಲ್ಲಿ ಕರುಳಿನ ಸಿಡಿ4 ಕೂಡ ಕಡಿಮೆಯಾಗುತ್ತದೆ. ಆದರೆ ಟಿಎಚ್17 ಉಳಿಯುತ್ತವೆ, ಒಳಪದರ ಸೋರುವುದಿಲ್ಲ, ಉರಿಯೂತ ಕೆಲವೇ ವಾರಗಳಲ್ಲಿ ತಣ್ಣಗಾಗುತ್ತದೆ. ಏಡ್ಸ್ ಸಾಮಾನ್ಯವಾಗಿ ಬರುವುದೇ ಇಲ್ಲ. ವೈರಾಣುವಿನ ಸಂಖ್ಯೆಯೊಂದೇ ಕಾಯಿಲೆಯಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಇಲ್ಲಿ ಒಂದು ತೊಡಕನ್ನೂ ಹೇಳಬೇಕು, ಏಕೆಂದರೆ ಅದು ನಮ್ಮ ದೇಶಕ್ಕೆ ಹತ್ತಿರದ್ದು. ಅದೇ ರಕಾಯ್‌ನಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಾಯಿಲೆ ಮುಂದುವರಿದಂತೆ ಎಲ್‌ಪಿಎಸ್ ಏರಿದ್ದು ಕಾಣಲಿಲ್ಲ. ಅಮೆರಿಕದ ಲೆಕ್ಕ ಅಲ್ಲಿ ಹೊಂದಲಿಲ್ಲ. ಇದಕ್ಕೆ ನಾನು ಒಪ್ಪುವ ವಿವರಣೆ ಇದು: ಹಳ್ಳಿಯ ನೀರು, ಬಯಲು ಶೌಚ, ಬಾಲ್ಯದಿಂದ ಮರುಕಳಿಸುವ ಭೇದಿ ಇರುವ ಕಡೆ ಎಚ್‌ಐವಿ ಇಲ್ಲದವರ ಕರುಳೂ ಪೂರ್ತಿ ತಣ್ಣಗಿರುವುದಿಲ್ಲ. ವೆಲ್ಲೂರಿನ ಸಿಎಂಸಿಯಲ್ಲಿ ಸೆಲ್ವಿನ್ ಬೇಕರ್, ವಿ. ಐ. ಮಥಾನ್ ಮುಂತಾದವರು 1960–70ರ ದಶಕಗಳಲ್ಲೇ, ಯಾವ ರೋಗಲಕ್ಷಣವೂ ಇಲ್ಲದ ದಕ್ಷಿಣ ಭಾರತದ ಜನರ ಸಣ್ಣಕರುಳಿನ ಒಳಪದರ ಪಾಶ್ಚಾತ್ಯರದಕ್ಕಿಂತ ಚಪ್ಪಟೆಯಾಗಿ, ಉರಿಯೂತದ ಕೋಶಗಳಿಂದ ತುಂಬಿರುವುದನ್ನು ತೋರಿಸಿದ್ದರು. ಹಾಗಾಗಿ ಕರ್ನಾಟಕದ ಒಬ್ಬ ವ್ಯಕ್ತಿಯ ಕರುಳಿನಲ್ಲಿ ಎಚ್‌ಐವಿಯ ಪಾಲೆಷ್ಟು, ಕುಡಿದ ನೀರಿನ ಪಾಲೆಷ್ಟು ಎಂದು ಬೇರ್ಪಡಿಸುವುದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬೇರ್ಪಡಿಸಿದಷ್ಟು ಸುಲಭವಲ್ಲ.

ಈಗ ನಿಮ್ಮ ನೇರ ಪ್ರಶ್ನೆ. ಮಾತ್ರೆಯಿಂದ ವೈರಾಣು ಅಡಗಿದ ಮೇಲೂ ಏಕೆ? ಈಗ ಕೇಂದ್ರದಲ್ಲಿ ಕೊಡುವ ಟಿಎಲ್‌ಡಿ ಎಂಬ ಮಾತ್ರೆಯಾಗಲಿ, ಅದಕ್ಕೂ ಮೊದಲು ನೀವು ನುಂಗಿರಬಹುದಾದ ಇತರ ಮಾತ್ರೆಗಳಾಗಲಿ, ವೈರಾಣು ಹೊಸದಾಗಿ ಹುಟ್ಟುವುದನ್ನು ನಿಲ್ಲಿಸುತ್ತವೆ. ಹಾಳಾದ ಅಂಗಾಂಶವನ್ನು ಕಟ್ಟಿಕೊಡುವುದು ಅವುಗಳ ಕೆಲಸವಲ್ಲ. 2006ರಲ್ಲಿ ಸೌರಭ್ ಮೆಹಂದ್ರು ಮತ್ತು ಸಂಗಡಿಗರು, ಸೋಂಕಿನ ಆರಂಭದಲ್ಲೇ ಚಿಕಿತ್ಸೆ ಹಿಡಿದು ವರ್ಷಗಟ್ಟಲೆ ಮುಂದುವರಿಸಿದವರ ಕರುಳನ್ನು ಪರೀಕ್ಷಿಸಿದರು. ರಕ್ತದಲ್ಲಿ ಸಿಡಿ4 ಚೆನ್ನಾಗಿ ಏರಿತ್ತು, ಕರುಳಿನಲ್ಲಿ ಹೆಚ್ಚಿನವರಿಗೆ ಪೂರ್ತಿ ಮರಳಿರಲಿಲ್ಲ. ಬ್ಯಾಂಕಾಕಿನಲ್ಲಿ ಸೋಂಕಾದ ಮೊದಲ ಒಂದೆರಡು ವಾರದಲ್ಲೇ, ಅಂದರೆ ಮಾಮೂಲಿ ಪರೀಕ್ಷೆಯಲ್ಲಿ ಸೋಂಕು ಕಾಣುವ ಮುಂಚೆಯೇ, ಮಾತ್ರೆ ಶುರು ಮಾಡಿದವರಲ್ಲಿ ಮಾತ್ರ ಟಿಎಚ್17 ಕೋಶಗಳು ಉಳಿದುಕೊಂಡವು. ಅಂಥ ಅದೃಷ್ಟ ಎಲ್ಲೋ ಕೆಲವರಿಗೆ. ನಿಮ್ಮದು 180ರಲ್ಲಿ ಶುರುವಾದ ಚಿಕಿತ್ಸೆ. ಸೋಂಕು ಗೊತ್ತಾದಾಗಲೇ ಅದು ಅಷ್ಟು ಇಳಿದಿತ್ತು, ಆ ಕಾಲದ ನಿಯಮವೂ ಸಿಡಿ4 ಇಳಿದ ಮೇಲೆ ಮಾತ್ರೆ ಎಂದಿತ್ತು. ಸಿಡಿ4 ಎಷ್ಟೇ ಇರಲಿ, ಸೋಂಕು ಗೊತ್ತಾದ ಕೂಡಲೇ ಎಲ್ಲರಿಗೂ ಮಾತ್ರೆ ಎಂಬ ನೀತಿ ಭಾರತದಲ್ಲಿ ಬಂದದ್ದು 2017ರಲ್ಲಿ.

ಈ ಉಳಿದುಕೊಂಡ ಉರಿಯೂತ ಹೊಟ್ಟೆಗಷ್ಟೇ ಸೀಮಿತವಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. 2006ರಲ್ಲಿ ಪ್ರಕಟವಾದ ಸ್ಮಾರ್ಟ್ ಎಂಬ ಪ್ರಯೋಗ 33 ದೇಶಗಳ 5,472 ಜನರನ್ನು ಒಳಗೊಂಡಿತ್ತು. ಅರ್ಧ ಜನರಿಗೆ ಮಾತ್ರೆ ನಿರಂತರ. ಇನ್ನರ್ಧ ಜನರಿಗೆ ಸಿಡಿ4 350 ದಾಟಿದರೆ ಮಾತ್ರೆಗೆ ವಿರಾಮ, 250ಕ್ಕಿಂತ ಇಳಿದರೆ ಮತ್ತೆ ಶುರು. ಮಾತ್ರೆಯ ಅಡ್ಡಪರಿಣಾಮ ತಪ್ಪಿಸಬಹುದು ಎಂಬ ಆಸೆ. ಆದದ್ದು ಉಲ್ಟಾ: ವಿರಾಮ ಕೊಟ್ಟವರಲ್ಲಿ ಸಾವು ಹೆಚ್ಚಾಯಿತು, ಅದರಲ್ಲೂ ಬಹುಪಾಲು ಏಡ್ಸ್‌ನಿಂದಲ್ಲ. ಹೃದಯ, ಮೂತ್ರಪಿಂಡ, ಯಕೃತ್ತಿನ ತೊಂದರೆಗಳೂ ಅವರಲ್ಲೇ ಹೆಚ್ಚು ಕಂಡವು. ಅದೇ ಜನರ ಸಂಗ್ರಹಿಸಿಟ್ಟ ರಕ್ತವನ್ನು ಮುಂದೆ ಪರೀಕ್ಷಿಸಿದಾಗ, ಐಎಲ್-6, ಡಿ-ಡೈಮರ್ ಎಂಬ ಉರಿಯೂತ ಮತ್ತು ರಕ್ತ ಹೆಪ್ಪುಗಟ್ಟುವಿಕೆಯ ಗುರುತುಗಳು ಹೆಚ್ಚಿದ್ದವರು ಹೆಚ್ಚಾಗಿ ಸತ್ತಿದ್ದರು. 2011ರಲ್ಲಿ ಇನ್ನೊಂದು ಗುರುತು ಸೇರಿತು, ಎಸ್‌ಸಿಡಿ14. ಎಲ್‌ಪಿಎಸ್ ಎದುರಾದಾಗ ನಿರೋಧಕ ಕೋಶಗಳು ಹೊರಬಿಡುವ ಪ್ರೋಟೀನ್ ಇದು. ಇದು ಹೆಚ್ಚಿದ್ದವರಿಗೂ ಸಾವಿನ ಅಪಾಯ ಹೆಚ್ಚೇ. ಕರುಳಿನ ಸೋರಿಕೆಗೂ ಹೃದಯಾಘಾತಕ್ಕೂ ನಂಟಿರಬಹುದು ಎಂದು ವೈದ್ಯರು ಹೇಳುವುದು ಇಂಥ ಎಳೆಗಳನ್ನು ಹಿಡಿದು.

ಇನ್ನು ಮೈಕ್ರೋಬಯೋಮ್, ಅಂದರೆ ಕರುಳಿನ ಸೂಕ್ಷ್ಮಾಣು ಸಮುದಾಯ. ನಿಮಗೆ ಮಲ ಪರೀಕ್ಷೆಯ ಪಟ್ಟಿ ಮಾಡಿಸಲು ಹೇಳಿದ್ದಾರಲ್ಲ, ಅದಕ್ಕೆ ದುಡ್ಡು ಕೊಡುವ ಮೊದಲು ಒಂದು ಬ್ಯಾಕ್ಟೀರಿಯಾದ ಕಥೆ ಕೇಳಿ.

2013ರಿಂದೀಚೆಗೆ ಅಮೆರಿಕ, ಯುರೋಪಿನ ಹಲವು ಪ್ರಯೋಗಾಲಯಗಳು ಎಚ್‌ಐವಿ ಇರುವವರ ಮತ್ತು ಇಲ್ಲದವರ ಮಲದಲ್ಲಿನ ಬ್ಯಾಕ್ಟೀರಿಯಾಗಳ ಡಿಎನ್‌ಎ ಓದಿ ಹೋಲಿಸಿದವು. ಎದ್ದು ಕಂಡ ವ್ಯತ್ಯಾಸ: ಸೋಂಕಿರುವವರಲ್ಲಿ ಪ್ರಿವೊಟೆಲ್ಲಾ ಎಂಬ ಬ್ಯಾಕ್ಟೀರಿಯಾ ಬಹಳ, ಬ್ಯಾಕ್ಟಿರಾಯ್ಡಿಸ್ ಎಂಬುದು ಕಡಿಮೆ. ಸರಿ, ಪ್ರಿವೊಟೆಲ್ಲಾ ಎಚ್‌ಐವಿಯ ಸಹಿ ಎಂದಾಯಿತು. ಅದೇ ಉರಿಯೂತಕ್ಕೆ ಕಾರಣವಿರಬೇಕು ಎಂಬ ಊಹೆಯೂ ಬೆಳೆಯಿತು. 2016ರಲ್ಲಿ ಬಾರ್ಸಿಲೋನಾದ ಸಂಶೋಧಕರು ಇದನ್ನು ಬುಡಮೇಲು ಮಾಡಿದರು. ಆ ಅಧ್ಯಯನಗಳಲ್ಲಿ ಸೋಂಕಿದ್ದವರಲ್ಲಿ ಹೆಚ್ಚಿನವರು ಪುರುಷರೊಡನೆ ಲೈಂಗಿಕ ಸಂಬಂಧವಿರುವ ಪುರುಷರು. ಹೋಲಿಕೆಗೆ ತೆಗೆದುಕೊಂಡಿದ್ದ ಸೋಂಕಿಲ್ಲದವರು ಹೆಚ್ಚಾಗಿ ಹಾಗಲ್ಲ. ಇದನ್ನು ಲೆಕ್ಕಕ್ಕೆ ಹಿಡಿದು ಮತ್ತೆ ನೋಡಿದರೆ, ಆ ಪುರುಷರಲ್ಲಿ ಸೋಂಕು ಇರಲಿ ಬಿಡಲಿ ಪ್ರಿವೊಟೆಲ್ಲಾ ಹೆಚ್ಚು. ಎಚ್‌ಐವಿಗೂ ಅದಕ್ಕೂ ಸಂಬಂಧವೇ ಕಾಣಲಿಲ್ಲ. ವರ್ಷಗಟ್ಟಲೆ ಪತ್ರಿಕೆಗಳಲ್ಲಿ ಮೆರೆದ ‘ಸಹಿ’ ಬೇರೆಯವರದಾಗಿತ್ತು.

ನಮಗೆ ಇದರಲ್ಲಿ ಇನ್ನೊಂದು ಸ್ವಾರಸ್ಯವಿದೆ. ಪ್ರಿವೊಟೆಲ್ಲಾ ಕಾಳು-ಧಾನ್ಯ ಹೆಚ್ಚು ತಿನ್ನುವವರ ಹೊಟ್ಟೆಯ ಸಾಮಾನ್ಯ ನಿವಾಸಿ. 2010ರಲ್ಲಿ ಬುರ್ಕಿನಾ ಫಾಸೊ ದೇಶದ ಹಳ್ಳಿ ಮಕ್ಕಳನ್ನು ಇಟಲಿಯ ಫ್ಲಾರೆನ್ಸ್ ಮಕ್ಕಳೊಂದಿಗೆ ಹೋಲಿಸಿದಾಗ, ಸಿರಿಧಾನ್ಯ, ಕಾಳು ತಿನ್ನುವ ಆಫ್ರಿಕದ ಮಕ್ಕಳಲ್ಲಿ ಇದು ತುಂಬಿತ್ತು. ಭೋಪಾಲ ಮತ್ತು ಕೇರಳದ ಜನರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಭಾರತೀಯ ಅಧ್ಯಯನದಲ್ಲೂ ಪ್ರಿವೊಟೆಲ್ಲಾ ಪ್ರಧಾನ, ಸಸ್ಯಾಹಾರ ಹೆಚ್ಚಿರುವ ಭೋಪಾಲದವರಲ್ಲಂತೂ ಇನ್ನೂ ಹೆಚ್ಚು. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ ತಿನ್ನುವ ಒಬ್ಬ ಆರೋಗ್ಯವಂತ ಕನ್ನಡಿಗನ ಮಲವನ್ನು 2013ರ ಅಳತೆಗೋಲಿನಲ್ಲಿ ಅಳೆದಿದ್ದರೆ ಅವನ ಕರುಳೂ ಕೆಟ್ಟಿದೆ ಎಂಬ ಷರಾ ಬರಬಹುದಿತ್ತು. ಪಟ್ಟಿ ಕೊಡುವವರು ‘ಸಾಮಾನ್ಯ ಪ್ರಮಾಣ’ ಎಂದು ಅಚ್ಚು ಹಾಕಿದ ಕಾಲಮ್ಮಿನಲ್ಲಿ ಯಾವ ಊರಿನ, ಯಾವ ಊಟದ ಜನರ ಲೆಕ್ಕವಿದೆ ಎಂದು ಕೇಳಿ ನೋಡಿ. ಎಆರ್‌ಟಿ ಕೇಂದ್ರದ ಯಾವ ವೈದ್ಯರೂ ಆ ಪಟ್ಟಿ ನೋಡಿ ನಿಮ್ಮ ಚಿಕಿತ್ಸೆ ಬದಲಿಸಲಾರರು. ಆ ಹಣ ಉಳಿಸಿಕೊಳ್ಳಿ.

ಹಾಗೆಂದು ಎಚ್‌ಐವಿಯಿಂದ ಏನೂ ಬದಲಾಗುವುದಿಲ್ಲ ಎಂದಲ್ಲ. ಅದೇ ಬಾರ್ಸಿಲೋನಾ ಅಧ್ಯಯನದಲ್ಲಿ, ಸೋಂಕಿನಿಂದಾಗಿ ಬ್ಯಾಕ್ಟೀರಿಯಾಗಳ ವೈವಿಧ್ಯ ಕಡಿಮೆಯಾದದ್ದು ಕಂಡಿತು. ಬೇರೆ ಅಧ್ಯಯನಗಳಲ್ಲಿ ಇ. ಕೋಲಿಯ ಬಳಗ ಹೆಚ್ಚಿದ್ದೂ, ನಾರಿನಂಶವನ್ನು ಹುದುಗಿಸಿ ಬ್ಯೂಟಿರೇಟ್ ಎಂಬ ಆಮ್ಲ ತಯಾರಿಸುವ ಬ್ಯಾಕ್ಟೀರಿಯಾಗಳು ಕಡಿಮೆಯಾದದ್ದೂ ಕಂಡಿವೆ. ದೊಡ್ಡಕರುಳಿನ ಒಳಪದರದ ಕೋಶಗಳಿಗೆ ಮುಖ್ಯ ಆಹಾರವೇ ಈ ಬ್ಯೂಟಿರೇಟ್. ಅದು ಕೊರತೆಯಾದರೆ ಒಳಪದರ ಸೊರಗುತ್ತದೆ, ಸೊರಗಿದಷ್ಟೂ ಸೋರಿಕೆ.

ಹಾಗಾದರೆ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಹೊರಗಿನಿಂದ ತುಂಬಿದರಾಯಿತಲ್ಲ? ಇದೇ ತರ್ಕ ದೊಡ್ಡ ದೊಡ್ಡ ಸಂಶೋಧಕರಿಗೂ ಹೊಳೆದಿತ್ತು. ಅಮೆರಿಕದ ಎಸಿಟಿಜಿ ಸಂಶೋಧನಾ ಜಾಲದವರು ಎಚ್‌ಐವಿ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ 24 ವಾರ ಪ್ರಬಲ ಪ್ರೋಬಯಾಟಿಕ್ ಕೊಟ್ಟು ನೋಡಿದರು. ಎಸ್‌ಸಿಡಿ14 ಇಳಿಯಲಿಲ್ಲ. ಬಾರ್ಸಿಲೋನಾದ ಒಂದು ಸಣ್ಣ ಪ್ರಯೋಗದಲ್ಲಿ ಸ್ಯಾಕರೊಮೈಸಿಸ್ ಬೊಲಾರ್ಡೈ ಎಂಬ ಯೀಸ್ಟ್‌ನಿಂದ ಐಎಲ್-6 ಸ್ವಲ್ಪ ಇಳಿಯಿತು, ಆದರೆ ಅಷ್ಟರಿಂದ ಎಲ್ಲರಿಗೂ ಬರೆದುಕೊಡುವ ಔಷಧಿ ಹುಟ್ಟುವುದಿಲ್ಲ. ಕರುಳಿನಲ್ಲೇ ಉಳಿಯುವ ರಿಫಾಕ್ಸಿಮಿನ್ ಆ್ಯಂಟಿಬಯಾಟಿಕ್ ಕೊಟ್ಟು ನೋಡಿದರು, ಹೇಳಿಕೊಳ್ಳುವ ಪ್ರಯೋಜನವಿಲ್ಲ. ಎಲ್‌ಪಿಎಸ್‌ಗೆ ಅಂಟಿಕೊಳ್ಳುವ ಸೆವೆಲಾಮರ್, ಕರುಳಿನ ಉರಿಯೂತಕ್ಕೆ ಕೊಡುವ ಮೆಸಲಮೀನ್, ಅವೂ ಸೋತವು. ಮ್ಯಾಡ್ರಿಡ್‌ನಲ್ಲಿ ಆರೋಗ್ಯವಂತರ ಮಲದ ಸೂಕ್ಷ್ಮಾಣುಗಳನ್ನು ಕ್ಯಾಪ್ಸೂಲಿನಲ್ಲಿ ತುಂಬಿ ವಾರಕ್ಕೊಮ್ಮೆ ನುಂಗಿಸಿದ ಪ್ರಯೋಗ 2021ರಲ್ಲಿ ವರದಿಯಾಯಿತು. ಒಳಪದರದ ಹಾನಿ ಸೂಚಿಸುವ ಒಂದು ಗುರುತು ಇಳಿದದ್ದು ಬಿಟ್ಟರೆ ಉರಿಯೂತ ಹೆಚ್ಚೇನೂ ಕದಲಲಿಲ್ಲ.

ಈ ಸೋಲುಗಳ ಸಾಲಿನಲ್ಲಿ ಕರ್ನಾಟಕದ ನಂಟಿರುವ ಒಂದು ಹೆಸರಿದೆ. ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಭಾರತದ ಎಚ್‌ಐವಿ ತಳಿಯ ಮೇಲೆ ಕೆಲಸ ಮಾಡಿ ಅಮೆರಿಕಕ್ಕೆ ಹೋದ ಸಿದ್ದಪ್ಪ ಬೈರಾರೆಡ್ಡಿ, 2016ರಲ್ಲಿ ಕೋತಿಗಳ ಮೇಲಿನ ಪ್ರಯೋಗವೊಂದರ ಮೊದಲ ಲೇಖಕರು. ಸಿಡಿ4 ಕೋಶಗಳು ಕರುಳಿನತ್ತ ಹೋಗಲು ಬಳಸುವ ಆಲ್ಫಾ4-ಬೀಟಾ7 ಎಂಬ ಪ್ರೋಟೀನನ್ನು ಪ್ರತಿಕಾಯದಿಂದ ತಡೆದು, ಆಮೇಲೆ ಮಾತ್ರೆ ನಿಲ್ಲಿಸಿದರೂ ಎಸ್‌ಐವಿ ಹತೋಟಿಯಲ್ಲೇ ಉಳಿಯಿತು ಎಂಬ ಫಲಿತಾಂಶ ಜಗತ್ತಿನ ಗಮನ ಸೆಳೆಯಿತು. ಅದೇ ಪ್ರೋಟೀನನ್ನು ತಡೆಯುವ ವೆಡೋಲಿಜುಮ್ಯಾಬ್ ಎಂಬ ಔಷಧಿ ಕ್ರೋನ್ಸ್ ಕಾಯಿಲೆಗೆ ಮಾರುಕಟ್ಟೆಯಲ್ಲಿ ಇತ್ತು. ಆಸೆ ಗರಿಗೆದರಿದ್ದರಲ್ಲಿ ಆಶ್ಚರ್ಯವಿಲ್ಲ. 2019ರಲ್ಲಿ ಬೇರೆ ತಂಡಗಳು ಕೋತಿಗಳಲ್ಲಿ ಮಾಡಿ ನೋಡಿದವು, ಮನುಷ್ಯರಲ್ಲೂ ನೋಡಿದರು. ಎರಡೂ ಕಡೆ ಆ ಫಲ ಮರುಕಳಿಸಲಿಲ್ಲ. ವಿಜ್ಞಾನದಲ್ಲಿ ಇದು ಅವಮಾನವೇನಲ್ಲ. ಪುಡಿ ಮಾರುವವರು ಇಂಥ ಮರುಪರೀಕ್ಷೆಗೆ ತಮ್ಮ ಡಬ್ಬಿಯನ್ನು ಎಂದೂ ಒಡ್ಡುವುದಿಲ್ಲ, ವ್ಯತ್ಯಾಸ ಅಷ್ಟೇ.

ಸೋಲುಗಳ ನಡುವೆ ಅನಿರೀಕ್ಷಿತವಾಗಿ ಗೆದ್ದದ್ದು ನಿಮಗೂ ಪರಿಚಯವಿರುವ ಅಗ್ಗದ ಮಾತ್ರೆ. ಸಿಡಿ4 ಕಡಿಮೆಯಿದ್ದಾಗ ಎಆರ್‌ಟಿ ಕೇಂದ್ರದಲ್ಲಿ ಕೊಡುವ ಕೋಟ್ರೈಮಾಕ್ಸಜೋಲ್, ಜನರ ಬಾಯಲ್ಲಿ ಸೆಪ್ಟ್ರಾನ್. ಕೊಡುವುದು ನ್ಯುಮೋನಿಯಾ ಮುಂತಾದ ಸೋಂಕು ತಡೆಯಲೆಂದು. ಉಗಾಂಡ, ಜಿಂಬಾಬ್ವೆಯ ಎಚ್‌ಐವಿ ಇರುವ ಮಕ್ಕಳಲ್ಲಿ ಇದನ್ನು ನಿಲ್ಲಿಸಿದವರು, ಮುಂದುವರಿಸಿದವರು ಎಂದು ಎರಡು ಗುಂಪು ಮಾಡಿ ನೋಡಿದ್ದರು. 2019ರಲ್ಲಿ ಆ ಮಕ್ಕಳ ಮಾದರಿಗಳನ್ನು ಪರೀಕ್ಷಿಸಿದಾಗ, ಮಾತ್ರೆ ಮುಂದುವರಿಸಿದವರಲ್ಲಿ ಉರಿಯೂತ ಕಡಿಮೆಯಿತ್ತು. ಅದು ಕರುಳಿನ ಕೆಲವು ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾಗಳನ್ನು ಹತ್ತಿಕ್ಕುವುದರ ಜೊತೆಗೆ, ನಿರೋಧಕ ಕೋಶಗಳನ್ನೂ ಕರುಳಿನ ಕೋಶಗಳನ್ನೂ ನೇರವಾಗಿ ತಣಿಸುತ್ತಿತ್ತು. ಇದನ್ನು ಓದಿ ನೀವಾಗಿಯೇ ಸೆಪ್ಟ್ರಾನ್ ಶುರು ಮಾಡಬೇಡಿ. 520 ಸಿಡಿ4 ಇರುವವರಿಗೆ ಅದರ ಅಗತ್ಯವಿಲ್ಲ, ಸಲ್ಫಾ ಅಲರ್ಜಿ ಪ್ರಾಣಕ್ಕೇ ಎರವಾಗಬಹುದು.

ಹೃದಯದ ವಿಷಯಕ್ಕೆ ಮಾತ್ರ ಒಂದು ಗಟ್ಟಿ ಉತ್ತರ ಸಿಕ್ಕಿದೆ. ಭಾರತವೂ ಸೇರಿ 12 ದೇಶಗಳ, ಎಚ್‌ಐವಿ ಇರುವ 7,769 ಜನರಲ್ಲಿ ನಡೆದ ರಿಪ್ರೀವ್ ಪ್ರಯೋಗದಲ್ಲಿ, ಪಿಟಾವಾಸ್ಟಾಟಿನ್ ಎಂಬ ಕೊಲೆಸ್ಟರಾಲ್ ಮಾತ್ರೆ ತೆಗೆದುಕೊಂಡವರಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನಂಥ ಘಟನೆಗಳು ಶೇ 35ರಷ್ಟು ಕಡಿಮೆಯಾದವು. ಫಲಿತಾಂಶ ಬಂದದ್ದು 2023ರಲ್ಲಿ. ಇದು ಕರುಳಿನ ಸೋರಿಕೆ ನಿಲ್ಲಿಸುವುದಿಲ್ಲ, ಅದರಿಂದ ಮುಂದೆ ಆಗಬಹುದಾದ ಅನಾಹುತವನ್ನು ಇನ್ನೊಂದು ತುದಿಯಲ್ಲಿ ತಡೆಯುತ್ತದೆ. ಪ್ರಯೋಗದಲ್ಲಿದ್ದವರು 40ರಿಂದ 75 ವಯಸ್ಸಿನವರು, ನಿಮ್ಮ ವಯಸ್ಸೂ ಅದರೊಳಗೆ ಬರುತ್ತದೆ. ಮುಂದಿನ ಸಲ ಕೇಂದ್ರಕ್ಕೆ ಹೋದಾಗ ಬಿಪಿ, ಸಕ್ಕರೆ, ಕೊಲೆಸ್ಟರಾಲ್ ನೋಡಿಸಿ, ನನಗೆ ಸ್ಟಾಟಿನ್ ಬೇಕೇ ಎಂದು ವೈದ್ಯರನ್ನು ಕೇಳಿ. ಬೀಡಿ, ಸಿಗರೇಟು, ಸಾರಾಯಿ ಇದ್ದರೆ ಬಿಡಿ. ಸಾರಾಯಿ ಕರುಳಿನ ಒಳಪದರವನ್ನು ನೇರವಾಗಿ ಸೋರಿಸುತ್ತದೆ, ಎಚ್‌ಐವಿ ಇಲ್ಲದವರಲ್ಲೂ.

ಇನ್ನು ನಿಮ್ಮ ಹೊಟ್ಟೆ ಉಬ್ಬರ. ನಾನು ನಿಮ್ಮ ಹೊಟ್ಟೆ ಮುಟ್ಟಿ ನೋಡಿಲ್ಲ, ಆದರೆ ಒಂದು ಮಾತು ಧೈರ್ಯವಾಗಿ ಹೇಳಬಲ್ಲೆ: ಮೇಲೆ ಹೇಳಿದ ಸೋರಿಕೆ, ಉರಿಯೂತ ಸಾಮಾನ್ಯವಾಗಿ ಸದ್ದು ಮಾಡುವುದಿಲ್ಲ. ಗುಡುಗುಡು ಎನ್ನುವ ಹೊಟ್ಟೆಗೆ ಬೇರೆ, ಹೆಚ್ಚು ಸಾಮಾನ್ಯ ಕಾರಣಗಳಿರುತ್ತವೆ. ಹಾಲು ಮೊದಲನೆಯದು. ದಕ್ಷಿಣ ಭಾರತದಲ್ಲಿ ದೊಡ್ಡವರಾದ ಮೇಲೆ ಹಾಲಿನ ಸಕ್ಕರೆ ಅರಗದವರು ಬಹಳ, ಕರುಳಿನ ಒಳಪದರ ಸೊರಗಿದ್ದರಂತೂ ಇನ್ನೂ ಕಷ್ಟ. ಎರಡು ವಾರ ಹಾಲು, ಹಾಲಿನ ಚಹಾ ಬಿಟ್ಟು ನೋಡಿ. ಮೊಸರು ಬಿಡಬೇಕಿಲ್ಲ, ಹೆಪ್ಪು ಹುಳಿಯುವಾಗ ಆ ಸಕ್ಕರೆ ಸ್ವಲ್ಪ ಕರಗಿರುತ್ತದೆ. ಮೊಸರು ಸಾಲದೇ ಎಂದಿರಿ. ಮೊಸರಿನ ಬ್ಯಾಕ್ಟೀರಿಯಾಗಳು ಕರುಳಿನಲ್ಲಿ ನೆಲೆಯೂರುವುದಿಲ್ಲ, ಹಾದುಹೋಗುತ್ತವೆ. ಆದರೂ ಅದು ಒಳ್ಳೆಯ ಆಹಾರ, ಪುಡಿಗಿಂತ ಅಗ್ಗ, ತಿಂದರೆ ಸಂತೋಷ. ಕರುಳಿನಲ್ಲಿ ಈಗಾಗಲೇ ಇರುವ ಬ್ಯೂಟಿರೇಟ್ ತಯಾರಕರಿಗೆ ಬೇಕಾದುದು ನಾರು: ಜೋಳ, ರಾಗಿ, ಕಾಳು, ಸೊಪ್ಪು. ಇದು ನಿಮ್ಮ ಉರಿಯೂತವನ್ನು ಇಳಿಸುತ್ತದೆ ಎಂದು ನಾನು ಭರವಸೆ ಕೊಡಲಾರೆ, ಆದರೆ ಸಕ್ಕರೆ, ಕೊಲೆಸ್ಟರಾಲ್‌ಗಂತೂ ಒಳ್ಳೆಯದು. ಒಮ್ಮೆಲೇ ಕಾಳು ಹೆಚ್ಚಿಸಿದರೆ ಉಬ್ಬರವೂ ಹೆಚ್ಚುತ್ತದೆ, ನಿಧಾನಕ್ಕೆ ಏರಿಸಿ.

ಉಬ್ಬರಕ್ಕೆ ಅಂಗಡಿಯಿಂದ ಜೆಲುಸಿಲ್‌ನಂಥ ಆ್ಯಂಟಾಸಿಡ್ ತಂದು ಕುಡಿಯುವ ರೂಢಿಯಿದ್ದರೆ ಇದನ್ನು ಗಮನವಿಟ್ಟು ಓದಿ. ಅದರಲ್ಲಿರುವ ಅಲ್ಯೂಮಿನಿಯಂ, ಮೆಗ್ನೀಸಿಯಂ ಲವಣಗಳು ಟಿಎಲ್‌ಡಿಯಲ್ಲಿರುವ ಡೊಲುಟೆಗ್ರಾವಿರ್ ಜೊತೆ ಅಂಟಿಕೊಂಡು ಅದು ರಕ್ತಕ್ಕೆ ಸೇರದಂತೆ ಮಾಡುತ್ತವೆ. ಟಿಎಲ್‌ಡಿಯನ್ನು ಆ್ಯಂಟಾಸಿಡ್‌ಗಿಂತ ಎರಡು ಗಂಟೆ ಮೊದಲು ಅಥವಾ ಆರು ಗಂಟೆ ನಂತರ ತೆಗೆದುಕೊಳ್ಳಬೇಕು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೂ ಇದೇ ಅಂತರ, ಊಟದ ಜೊತೆಯಾದರೆ ಮಾತ್ರ ಒಟ್ಟಿಗೆ ನುಂಗಬಹುದು. ಈಗ ಆ ಪುಡಿಯ ಡಬ್ಬಿ ತಿರುಗಿಸಿ ಹಿಂಬದಿ ಓದಿ. ಇಂಥ ಪುಡಿಗಳಲ್ಲಿ ಸೂಕ್ಷ್ಮಾಣುಗಳ ಜೊತೆ ಸತು, ಕ್ಯಾಲ್ಸಿಯಂ, ಮೆಗ್ನೀಸಿಯಂ ಬೆರೆಸಿರುವುದುಂಟು. ಕರುಳು ಸರಿಮಾಡಲು ಹೋಗಿ ಹದಿಮೂರು-ಹದಿನಾಲ್ಕು ವರ್ಷ ಕಾಪಾಡಿಕೊಂಡ ಟಿಎನ್‌ಡಿಯನ್ನು ಕಳೆದುಕೊಳ್ಳುವುದು ಬೇಡ. ಸಿಡಿ4 ತೀರಾ ಕಡಿಮೆ ಇರುವವರಲ್ಲಿ ಪ್ರೋಬಯಾಟಿಕ್‌ನ ಜೀವಂತ ಬ್ಯಾಕ್ಟೀರಿಯಾ, ಯೀಸ್ಟ್‌ಗಳೇ ರಕ್ತಕ್ಕೆ ಸೇರಿ ಸೋಂಕಾದ ಉದಾಹರಣೆಗಳೂ ಇವೆ.

ಎರಡು ವಾರ ದಾಟಿದ ಭೇದಿ, ತೂಕ ಇಳಿಯುವುದು, ಸಂಜೆ ಜ್ವರ, ಮಲದಲ್ಲಿ ರಕ್ತ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಹೊಟ್ಟೆನೋವು ಇದ್ದರೆ ಉಬ್ಬರ ಎಂದು ಸುಮ್ಮನಿರದೆ ತಕ್ಷಣ ತೋರಿಸಿ. ನಮ್ಮಲ್ಲಿ ಕರುಳಿನ ಕ್ಷಯ ಇನ್ನೂ ಇದೆ. ಜಿಯಾರ್ಡಿಯಾ, ಅಮೀಬಾ, ಐಸೊಸ್ಪೊರಾದಂಥ ಪರೋಪಜೀವಿಗಳೂ ಇವೆ. ಇವುಗಳನ್ನು ಕಾಣಲು ಸಾವಿರಾರು ರೂಪಾಯಿಯ ಡಿಎನ್‌ಎ ಪಟ್ಟಿ ಬೇಕಿಲ್ಲ, ಜಿಲ್ಲಾ ಆಸ್ಪತ್ರೆಯ ಸೂಕ್ಷ್ಮದರ್ಶಕದಡಿ ನೋಡುವ ಮಾಮೂಲಿ ಮಲ ಪರೀಕ್ಷೆಯೇ ಮೊದಲ ಹೆಜ್ಜೆ.

ಕೊನೆಗೆ ನಿಮ್ಮ ಮಗ. ಒಂದೇ ಮನೆಯಲ್ಲಿ ಇರುವವರೆಲ್ಲ ಕರುಳಿನ ಸೂಕ್ಷ್ಮಾಣುಗಳನ್ನು ಒಬ್ಬರಿಂದೊಬ್ಬರು ಪಡೆಯುತ್ತಲೇ ಇರುತ್ತಾರೆ, ಗಂಡ ಹೆಂಡತಿ, ಮಕ್ಕಳು, ಅಜ್ಜಿ ಎಲ್ಲರೂ. ಅದರಿಂದ ಎಚ್‌ಐವಿ ಬರುವುದಿಲ್ಲ, ಒಂದೇ ತಟ್ಟೆಯಲ್ಲಿ ಉಂಡರೂ ಬರುವುದಿಲ್ಲ. ನಿಮ್ಮ ಕರುಳಿನ ಉರಿಯೂತಕ್ಕೆ ಕಾರಣ ನೀವು ಕಳೆದುಕೊಂಡ ನಿರೋಧಕ ಕೋಶಗಳು. ಅವನು ಅವನ್ನು ಕಳೆದುಕೊಂಡಿಲ್ಲ, ಹಾಗಾಗಿ ಅದೇ ಬ್ಯಾಕ್ಟೀರಿಯಾ ಅವನ ಹೊಟ್ಟೆಗೆ ಹೋದರೂ ಅಲ್ಲಿ ಆ ಸ್ಥಿತಿ ಇರುವುದಿಲ್ಲ. ಹೈಟಿ ದೇಶದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎಚ್‌ಐವಿ ಇರುವ ತಾಯಂದಿರಿಗೆ ಹುಟ್ಟಿದ, ಸೋಂಕಿಲ್ಲದ ಹಸುಗೂಸುಗಳ ಕರುಳಿನ ಸೂಕ್ಷ್ಮಾಣು ಸಮುದಾಯ ಬೇರೆ ಕೂಸುಗಳಿಗಿಂತ ಸ್ವಲ್ಪ ಭಿನ್ನವಾಗಿತ್ತು, ಎದೆಹಾಲಿನ ಕೆಲವು ಸಕ್ಕರೆಗಳಲ್ಲಿ ಆದ ಬದಲಾವಣೆಗೂ ಅದಕ್ಕೂ ನಂಟು ಕಂಡಿತ್ತು. ಆದರೆ ಅದು ಹಾಲು ಕುಡಿಯುವ ಕೂಸಿನ ಮಾತು. ಮೂರು ವರ್ಷ ತುಂಬುವಷ್ಟರಲ್ಲಿ ಮಕ್ಕಳ ಕರುಳಿನ ಸಮುದಾಯ ಬಹುಮಟ್ಟಿಗೆ ದೊಡ್ಡವರದ್ದನ್ನು ಹೋಲತೊಡಗುತ್ತದೆ, ಆಮೇಲೆ ಅದನ್ನು ತಿದ್ದುವುದು ಮನೆಯ ಊಟ, ನೀರು, ಆಗಾಗ ನುಂಗುವ ಆ್ಯಂಟಿಬಯಾಟಿಕ್. ಅವನಿಗೆ ಪುಡಿ ಬೇಡ, ಪರೀಕ್ಷೆಯೂ ಬೇಡ. ಶಾಲೆಯಲ್ಲಿ ಜಂತುಹುಳದ ಅಲ್ಬೆಂಡಜೋಲ್ ಮಾತ್ರೆ ಕೊಡುವ ದಿನ ತಪ್ಪಿಸದೆ ನುಂಗಲು ಹೇಳಿ.